ಕುಂಬಾರಿಕೆ ಸಾಕ್ಷ್ಯಚಿತ್ರ: ನಾಲ್ಕು ಬಗೆಯ ಫೂಟೇಜ್, ಒಂದೇ ಟೈಮ್‌ಲೈನ್

ಫೂಟೇಜ್ ವಿಂಗಡಣೆ ಮುಗಿದಿದೆ. ಕೈಯಲ್ಲಿರುವುದು ನಾಲ್ಕು ಬಗೆ. ಮಿರರ್‌ಲೆಸ್ ಕ್ಯಾಮೆರಾದ್ದು 3840×2160, ಸೆಕೆಂಡಿಗೆ 25 ಫ್ರೇಮ್. ಫೋನಿನದು 1920×1080, ಹೆಸರಿಗೆ 30 ಫ್ರೇಮ್. ಚಕ್ರದ ಮೇಲ್ಗಡೆ ಕಟ್ಟಿದ್ದ ಆಕ್ಷನ್ ಕ್ಯಾಮೆರಾದ್ದು 2704×1520, 59.94 ಫ್ರೇಮ್. ಹಳೆಯ ಮಿನಿ ಡಿವಿ ಟೇಪಿನಿಂದ ಇಳಿಸಿಕೊಂಡದ್ದು 720×576, ಇಂಟರ್‌ಲೇಸ್ಡ್ (ಪ್ರತಿ ಫ್ರೇಮ್ ಬೆಸ ಗೆರೆ, ಸಮ ಗೆರೆ ಎಂದು ಎರಡು ಅರ್ಧಗಳಾಗಿ ಇರುವುದು, ಒಂದೊಂದು ಅರ್ಧವೂ ಒಂದು ಫೀಲ್ಡ್), ಸೆಕೆಂಡಿಗೆ 50 ಫೀಲ್ಡ್. ಎಡಿಟಿಂಗ್ ಡಾವಿಂಚಿ ರಿಸಾಲ್ವ್‌ನಲ್ಲಿ.

ರೆಸಲ್ಯೂಶನ್ ಬೇರೆ ಬೇರೆ ಇದ್ದರೆ ಗಾಬರಿಯಿಲ್ಲ, ಎಕ್ಸ್‌ಪೋರ್ಟ್ ಮಾಡುವ ತನಕವೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಫ್ರೇಮ್ ರೇಟಿಗೆ ಆ ಸಲಿಗೆ ಇಲ್ಲ. ಪ್ರಾಜೆಕ್ಟಿಗೆ ಕ್ಲಿಪ್ ಬಿದ್ದ ಮೇಲೆ ಮಾಸ್ಟರ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಫ್ರೇಮ್ ರೇಟ್ ಬದಲಿಸಲು ರಿಸಾಲ್ವ್ ಬಿಡುವುದಿಲ್ಲ. ಹಾಗಾಗಿ ಖಾಲಿ ಪ್ರಾಜೆಕ್ಟಿನಲ್ಲೇ 1920×1080, 25 ಎಂದು ಕೊಟ್ಟಾಯಿತು. ಹೆಚ್ಚಿನ ಪಾಲು ಫೂಟೇಜ್ 25ರದ್ದು, ಮಾತುಕತೆಯೆಲ್ಲ ಅದರಲ್ಲೇ ಇದೆ. ಟೇಪಿನ 50 ಫೀಲ್ಡ್ ಸಹ 25ಕ್ಕೆ ಸಲೀಸಾಗಿ ಕೂರುತ್ತದೆ. 30 ಇಟ್ಟಿದ್ದರೆ ಮುಖ್ಯ ಕ್ಯಾಮೆರಾದ ಪ್ರತಿ ಐದು ಫ್ರೇಮಿಗೆ ಒಂದು ಎರಡೆರಡು ಸಲ ಬಂದು, ಕ್ಯಾಮೆರಾ ಅಡ್ಡ ತಿರುಗುವ ಎಲ್ಲ ಪ್ಯಾನ್ ಶಾಟ್‌ಗಳೂ ತಡವರಿಸುತ್ತಿದ್ದವು.

ಹೆಚ್ಚು ಕೆಲಸ ಹಿಡಿದದ್ದು ಫೋನ್. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ತೆರೆದರೆ ಫ್ರೇಮ್ ರೇಟ್ ಮೋಡ್ 'ವೇರಿಯಬಲ್' (ಏರಿಳಿಯುವಂಥದ್ದು) ಎಂದಿತ್ತು, ಬೆಳಕು ಕಡಿಮೆಯಿದ್ದ ಕಡೆ 24ಕ್ಕೆ ಇಳಿದಿತ್ತು. ಇಂಥ ಫೈಲನ್ನು ನೇರವಾಗಿ ಟೈಮ್‌ಲೈನಿಗೆ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವ ಅಪಾಯವಿದೆ. ಕ್ಲಿಪ್ಪಿನ ಆರಂಭದಲ್ಲಿ ಸಿಂಕ್ ಸರಿಯಿದ್ದರೂ ನಡುವೆ ಜಾರಿರಬಹುದು, ಮೊದಲ ಹತ್ತು ಸೆಕೆಂಡ್ ನೋಡಿ ನಂಬಬಾರದು. ಹಾಗಾಗಿ ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಕದಲ್ಲಿ ಹಾಯಿಸಿದೆವು: ವಿಡಿಯೋ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ 30, ಅದರ ಕೆಳಗೆ 'ಕಾನ್‌ಸ್ಟಂಟ್' (ಸ್ಥಿರ), ಎಚ್.264 ಸಂಕೋಚನ, ಕ್ವಾಲಿಟಿ 17. ಆಡಿಯೋ 48 ಕಿಲೋಹರ್ಟ್ಸ್. ಇಲ್ಲಿ 25 ಕೊಡುವ ಆಸೆ ಬರುತ್ತದೆ, ಕೊಡಬೇಡಿ. ಅದು ಆರರಲ್ಲಿ ಒಂದು ಫ್ರೇಮ್ ಎಸೆದುಬಿಡುತ್ತದೆ, ಎಸೆದದ್ದು ಮತ್ತೆ ಸಿಗುವುದಿಲ್ಲ.

30ರ ಕ್ಲಿಪ್ 25ರ ಟೈಮ್‌ಲೈನಿನಲ್ಲಿ ಕೂತಾಗಲೂ ಸೆಕೆಂಡಿಗೆ ಐದು ಫ್ರೇಮ್ ಬಿಟ್ಟುಹೋಗುತ್ತವೆ. ಕೂತು ಮಾತಾಡುವವರ ಮುಖದಲ್ಲಿ ಅದು ಯಾರಿಗೂ ತಿಳಿಯದು, ರಿಟೈಮ್ (ಫ್ರೇಮ್ ರೇಟ್ ಹೊಂದಿಸುವ ಬಗೆ) 'ನಿಯರೆಸ್ಟ್' ಸಾಕು, ಅದು ಹತ್ತಿರದ ಫ್ರೇಮನ್ನೇ ಆರಿಸುತ್ತದೆ. ಕ್ಯಾಮೆರಾ ಅಡ್ಡ ಸರಿದರೆ ಮಾತ್ರ ಎದ್ದು ಕಾಣುತ್ತದೆ: ಸೆಕೆಂಡಿಗೆ ಐದು ಸಲ ಸಣ್ಣ ಜಿಗಿತ. ಮೂಲ ಧ್ವನಿ ಬೇಡದ ಶಾಟ್‌ಗಳಿಗೆ ನಮಗೆ ಹಿಡಿಸಿದ ದಾರಿ, ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ 30 ತೆಗೆದು 25 ಬರೆಯುವುದು. ಒಂದು ಫ್ರೇಮೂ ಕಳೆಯುವುದಿಲ್ಲ, ವೇಗ ಮಾತ್ರ 83.3%ಕ್ಕೆ ಇಳಿಯುತ್ತದೆ, ಹತ್ತು ಸೆಕೆಂಡಿನ ಶಾಟ್ ಹನ್ನೆರಡಾಗುತ್ತದೆ. ಮಣ್ಣು ತುಳಿಯುವ, ಹದಮಾಡುವ ದೃಶ್ಯಗಳಿಗೆ ಈ ನಿಧಾನ ಚೆನ್ನಾಗಿಯೇ ಒಪ್ಪಿತು. ನಡೆದಾಡುವ ಜನರಿರುವ ಶಾಟಿಗೆ ಒಪ್ಪುವುದಿಲ್ಲ, ಹೆಜ್ಜೆ ಭಾರವಾಗಿ ಕಾಣುತ್ತದೆ.

ಆಕ್ಷನ್ ಕ್ಯಾಮೆರಾದ 59.94ಕ್ಕೂ ಇದೇ ಉಪಾಯ. 25 ಎಂದು ಓದಿಸಿದರೆ ಸುಮಾರು 41.7% ವೇಗದ ನುಣುಪಾದ ಸ್ಲೋ ಮೋಷನ್ ಸಿಗುತ್ತದೆ. ತೊಡಕಿರುವುದು ಸಹಜ ವೇಗ ಬೇಕಾದಾಗ. 59.94, ಅಂದರೆ ಹೆಚ್ಚುಕಡಿಮೆ 60ರಿಂದ 25ಕ್ಕೆ ಬರುವಾಗ ಆಯ್ಕೆಯಾಗುವ ಫ್ರೇಮ್‌ಗಳ ನಡುವಿನ ಅಂತರ 2, 2, 3, 2, 3 ಹೀಗೆ ಏರುಪೇರಾಗುತ್ತದೆ. ಜೊತೆಗೆ ಹಗಲು ಬೆಳಕಿನಲ್ಲಿ ಶಟರ್ ತುಂಬ ವೇಗವಾಗಿ ಓಡಿರುವುದರಿಂದ ಒಂದೊಂದು ಫ್ರೇಮೂ ಕತ್ತರಿಸಿದ ಹಾಗೆ ಚೂಪು, ಮಸುಕು ಇಲ್ಲ. ಹಾಗಾಗಿ ಆ ಜಿಗಿತ ಇನ್ನೂ ಎದ್ದು ಕಾಣುತ್ತದೆ. ಅಕ್ಕಪಕ್ಕದ ಫ್ರೇಮ್‌ಗಳನ್ನು ಬೆರೆಸುವ 'ಫ್ರೇಮ್ ಬ್ಲೆಂಡ್' ಹಾಕಿದರೆ ಬೆರಳಿನ ಪಕ್ಕ ಇನ್ನೊಂದು ಬೆರಳಿನ ನೆರಳು ಬರುತ್ತದೆ. 'ಆಪ್ಟಿಕಲ್ ಫ್ಲೋ' ನಡುವಿನ ಫ್ರೇಮ್‌ಗಳನ್ನು ಊಹಿಸಿ ಕಟ್ಟುತ್ತದೆ. ಇಡೀ ಪಾತ್ರೆ ತೋರುವ ದೂರದ ಶಾಟ್‌ಗಳಲ್ಲಿ ಗೆದ್ದಿತು. ಹತ್ತಿರದ ಶಾಟಿನಲ್ಲಿ ಸೋತಿತು. ತಿರುಗುವ ಹಸಿ ಮಣ್ಣಿನ ಮೇಲಿನ ಗೀರುಗಳೆಲ್ಲ ಒಂದೇ ಥರ ಇರುವುದರಿಂದ ಯಾವ ಗೀರು ಎಲ್ಲಿಗೆ ಸರಿಯಿತು ಎಂದು ಅದಕ್ಕೆ ತಿಳಿಯಲಿಲ್ಲ, ಹೆಬ್ಬೆರಳಿನ ಅಂಚು ಮಣ್ಣಿನೊಳಗೆ ಕರಗಿದ ಹಾಗಾಯಿತು.

ಇದೇ ಕ್ಯಾಮೆರಾದಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. 2704×1520 ಸರಿಯಾಗಿ 16:9 ಅಲ್ಲ. 1920 ಅಗಲಕ್ಕೆ ಕುಗ್ಗಿಸಿದರೆ ಎತ್ತರ ಸುಮಾರು 1079.3 ಬರುತ್ತದೆ, ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿಯಬಹುದು. ಝೂಮ್ 1.001 ಕೊಟ್ಟರೆ ಮುಚ್ಚುತ್ತದೆ.

4ಕೆ (3840×2160) ಫೂಟೇಜಿಗೆ 'ಫಿಟ್' ಸ್ಕೇಲಿಂಗ್ ಇದೆ, ಅದು ಚಿತ್ರವನ್ನು ಟೈಮ್‌ಲೈನಿನ ಅಳತೆಗೆ ಕೂರಿಸುತ್ತದೆ. ರಿಸಾಲ್ವ್ ಮೂಲ ಪಿಕ್ಸೆಲ್‌ಗಳಿಂದಲೇ ಲೆಕ್ಕ ಹಾಕುವುದರಿಂದ ಝೂಮ್ 2ರವರೆಗೂ ಚಿತ್ರ ಹರಿತವಾಗಿಯೇ ಇರುತ್ತದೆ. ಪ್ರೀಮಿಯರ್ ತಂತ್ರಾಂಶದಲ್ಲಿ ಎಡಿಟ್ ಮಾಡುವವರು 'ಸ್ಕೇಲ್ ಟು ಫ್ರೇಮ್ ಸೈಜ್' ಆರಿಸಬಾರದು, ಅದು ಮೊದಲು 1080ಕ್ಕೆ ಇಳಿಸಿ ಆಮೇಲೆ ಹಿಗ್ಗಿಸುತ್ತದೆ. ಮೋಷನ್‌ನ ಸ್ಕೇಲ್ ಅನ್ನು 50ಕ್ಕೆ ಇಳಿಸಿದರೆ ಆ ನಷ್ಟವಿಲ್ಲ.

ಟೇಪಿನ ಫೂಟೇಜಿಗೆ ಕ್ರಮ ಮುಖ್ಯ: ಮೊದಲು ಡಿಇಂಟರ್‌ಲೇಸ್ (ಫೀಲ್ಡುಗಳನ್ನು ಪೂರ್ಣ ಫ್ರೇಮ್ ಮಾಡುವುದು), ಆಮೇಲೆ ಹಿಗ್ಗಿಸುವುದು. ತಿರುವು ಮುರುವಾದರೆ ಎರಡು ಫೀಲ್ಡುಗಳ ಗೆರೆಗಳು ಬೆರೆತು, ಕೈ ಆಡಿದಲ್ಲೆಲ್ಲ ಬಾಚಣಿಗೆ ಹಲ್ಲು ಮೂಡುತ್ತದೆ, ಅದನ್ನು ಆಮೇಲೆ ಅಳಿಸಲಾಗದು. ಯಾಡಿಫ್ ಎಂಬ ಡಿಇಂಟರ್‌ಲೇಸ್ ಫಿಲ್ಟರಿನ 'ಬಾಬ್' ಬಗೆಯಲ್ಲಿ ಒಂದೊಂದು ಫೀಲ್ಡಿನಿಂದಲೂ ಒಂದು ಫ್ರೇಮ್ ಕಟ್ಟಿ, ಸೆಕೆಂಡಿಗೆ 50 ಪೂರ್ಣ ಫ್ರೇಮ್ ಮಾಡಿಕೊಂಡೆವು. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ಉಲ್ಟಾ ಕೊಟ್ಟರೆ ಚಲನೆ ಹಿಂದೆ ಮುಂದೆ ತುಯ್ಯುತ್ತದೆ. ಪಿಕ್ಸೆಲ್ ಚೌಕವಲ್ಲದ ಕಾರಣ 768×576 ಎಂದು ಸರಿಪಡಿಸಿ, 187.5%ಕ್ಕೆ ಹಿಗ್ಗಿಸಿದರೆ 1440×1080. ಎರಡೂ ಪಕ್ಕ 240 ಪಿಕ್ಸೆಲ್ ಕಪ್ಪು ಉಳಿಯುತ್ತದೆ. ಅದನ್ನು ತುಂಬಿಸಲು ಮುಖಗಳನ್ನು ಅಗಲಕ್ಕೆ ಎಳೆಯುವುದು ಬೇಡವೆಂದು ಹಾಗೇ ಬಿಟ್ಟಿದ್ದೇವೆ.

ಬಾಕಿ ಇರುವುದು ಹೆಬ್ಬೆರಳು ಕರಗುವ ಶಾಟ್‌ಗಳು. ಕೆಟ್ಟ ಫ್ರೇಮ್‌ಗಳು ಶುರುವಾಗುವಲ್ಲಿ, ಮುಗಿಯುವಲ್ಲಿ ಕತ್ತರಿಸಿ ಆ ತುಂಡಿಗಷ್ಟೇ 'ನಿಯರೆಸ್ಟ್' ಹಾಕುತ್ತಿದ್ದೇವೆ. ಅದಾದ ಮೇಲೆ 25ರಲ್ಲೇ ಎಕ್ಸ್‌ಪೋರ್ಟ್ ಮಾಡಿ, ಪ್ಯಾನ್ ಶಾಟ್‌ಗಳನ್ನು ಬಾಣದ ಕೀಲಿಯಿಂದ ಒಂದೊಂದೇ ಫ್ರೇಮ್ ಸರಿಸಿ ನೋಡಬೇಕು: ಯಾವ ಫ್ರೇಮೂ ಎರಡು ಸಲ ಬರಬಾರದು, ಎರಡು ಫ್ರೇಮಿನ ನಡುವಿನ ಸರಿತ ಇದ್ದಕ್ಕಿದ್ದಂತೆ ಹೆಚ್ಚಬಾರದು.