ಚಳಿಗಾಲದಲ್ಲಿ ನೋಡಿಟ್ಟ ದಾರಿ

ದ್ರಾಕ್ಷಿ ತೋಟದಲ್ಲಿ ಸಾಮಾನ್ಯವಾಗಿ ಪ್ರತಿ ಸಾಲಿನ ತುದಿಯಲ್ಲೂ ಕೊನೆಯ ಕಂಬದಿಂದ ನೆಲಕ್ಕೆ ಓರೆಯಾಗಿ ಎಳೆದು ಕಟ್ಟಿದ ಒಂದು ತಂತಿ ಇರುತ್ತದೆ. ಬಳ್ಳಿ, ಕಾಯಿ, ಗಾಳಿಯ ಹೊಡೆತ, ಇಡೀ ಸಾಲಿನ ಭಾರವನ್ನು ಅದೇ ಎಳೆದು ಹಿಡಿದಿರುತ್ತದೆ. ತುಂಬಾ ಬಿಗಿ. ಬುಡದಲ್ಲಿ ಹುಲ್ಲು ಬೆಳೆದರೆ ಕಣ್ಣಿಗೆ ಬೀಳುವುದೇ ಇಲ್ಲ. ನಾಲ್ಕು ವರ್ಷದಿಂದ ಗ್ರಾವೆಲ್ ರೈಡ್, ಅಂದರೆ ಜಲ್ಲಿ, ಮಣ್ಣಿನ ದಾರಿಯಲ್ಲಿ ಸೈಕಲ್ ಸವಾರಿ, ಲೀಡ್ ಮಾಡುತ್ತಿದ್ದೇನೆ. ಆ ದಿನದ ತನಕ ಈ ತಂತಿಯ ಬಗ್ಗೆ ಬ್ರೀಫಿಂಗ್‌ನಲ್ಲಿ ಒಂದು ಮಾತೂ ಆಡಿರಲಿಲ್ಲ.

ರೂಟ್ 48 ಕಿ.ಮೀ. ಮೊದಲ 6 ಕಿ.ಮೀ. ದ್ರಾಕ್ಷಿ ತೋಟಗಳ ಅಂಚಿನಲ್ಲಿ ಇಳಿಜಾರು. ಆಮೇಲೆ ಹಳ್ಳ ದಾಟಿ ಕಾಡಿನ ಗುಡ್ಡ ಹತ್ತಬೇಕು. ಡಾಂಬರು ಸಿಗುವುದು ಎರಡೇ ಕಡೆ, ಅದೂ ಅಡ್ಡ ದಾಟಲು. ನಾನೇ ಗುರುತು ಮಾಡಿದ ರೂಟ್ ಇದು. ಇವತ್ತಿಗೂ ನನಗೆ ತುಂಬಾ ಇಷ್ಟ. ಬೆಳಗಿನ ಬಿಸಿಲಿನಲ್ಲಿ ಸಾಲುಗಳ ನಡುವೆ ಇಳಿದು, ಮರಗಳ ನೆರಳಿಗೆ ನುಗ್ಗುವಾಗ ಒಮ್ಮೆಲೇ ಮೈಗೆ ತಂಪು ತಾಗುತ್ತದೆ. ಟೈರಿನ ಸದ್ದೂ ಬದಲಾಗುತ್ತದೆ. ಜಲ್ಲಿಯ ಕರಕರ ನಿಂತು ಎಲೆ, ಮಣ್ಣಿನ ಮೆತ್ತನೆ ಸದ್ದು ಶುರುವಾಗುತ್ತದೆ. ಆ ಜಾಗದಲ್ಲಿ ಬಂದವರೆಲ್ಲ ತಮ್ಮಷ್ಟಕ್ಕೆ ಮಾತು ನಿಲ್ಲಿಸುತ್ತಾರೆ. ಆ ಒಂದು ಗಳಿಗೆಗಾಗಿಯೇ ಈ ಕೆಲಸ ಬಿಟ್ಟಿಲ್ಲ.

ರೈಡ್ ನಡೆಸುವ ನಮ್ಮ ಆಫೀಸಿನವರು ಬ್ರೋಶರ್‌ನಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ 'ಟ್ರಾಫಿಕ್ ಇಲ್ಲದ ದಾರಿ' ಎಂದು ಹಾಕಿದ್ದರು. ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಕಾರಿಲ್ಲ, ಲಾರಿ ಇಲ್ಲ, ಹಾರ್ನ್ ಇಲ್ಲ. ಜನ ಬರುವುದೇ ಅದಕ್ಕೆ. ಎಷ್ಟೋ ಜನ ರೇಸ್ ವಿಡಿಯೊಗಳನ್ನು ನೋಡಿ ಬರುತ್ತಾರೆ. ಗ್ರಾವೆಲ್‌ನ ಮೊದಲ ವಿಶ್ವ ಚಾಂಪಿಯನ್‌ಶಿಪ್ 2022ರಲ್ಲಿ ಇಟಲಿಯ ವೆನೆಟೊದಲ್ಲಿ ನಡೆಯಿತು. 2023ರದ್ದೂ ಅಲ್ಲೇ, ಪ್ರೊಸೆಕೊ ವೈನ್‌ಗೆ ದ್ರಾಕ್ಷಿ ಬೆಳೆಯುವ ಗುಡ್ಡಗಳಲ್ಲಿ. ಆ ವಿಡಿಯೊಗಳಲ್ಲಿ ಸವಾರರು ತೋಟಗಳ ನಡುವೆ ಬಾಣದ ಹಾಗೆ ಹೋಗುತ್ತಾರೆ. ರೇಸ್ ದಿನ ಆ ದಾರಿಯನ್ನು ಅವರಿಗೆಂದೇ ಕಾಯ್ದಿಟ್ಟಿರುತ್ತಾರೆ, ತಿರುವಿನಲ್ಲಿ ಮಾರ್ಷಲ್ ನಿಂತಿರುತ್ತಾರೆ. ನಮ್ಮ ರೈಡ್‌ನ ದಿನ ತೋಟ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಈ ವ್ಯತ್ಯಾಸವನ್ನು ನಾನು ಜನರಿಗೆ ಹೇಳಬೇಕಿತ್ತು.

ಆ ದಿನ ಒಂಬತ್ತು ಜನ. ಮುಂದೆ ನಾನು, ಹಿಂದೆ ಸ್ವೀಪ್ ಒಬ್ಬ, ಅಂದರೆ ಯಾರೂ ಹಿಂದೆ ಉಳಿಯದಂತೆ ಕೊನೆಯಲ್ಲಿ ಬರುವವನು. ಏಳೂವರೆಗೆ ಬ್ರೀಫಿಂಗ್. ಟೈರ್ ಪ್ರೆಶರ್ ಬಗ್ಗೆಯೇ ಹತ್ತು ನಿಮಿಷ ಹೋಯಿತು. ಯಾವಾಗಲೂ ಹಾಗೇ. 40 ಎಂಎಂ ಟ್ಯೂಬ್‌ಲೆಸ್ ಟೈರಿಗೆ 30 ಪಿಎಸ್ಐ ಸಾಕಾ, 35 ಬೇಕಾ, ಹಿಂದೆ ಎರಡು ಜಾಸ್ತಿ ಇಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ನನಗೂ ಆ ಮಾತು ಇಷ್ಟ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: "ಇವತ್ತು ಗಾಡಿಗಳೇ ಇಲ್ಲ, ಆರಾಮಾಗಿ ಬನ್ನಿ." ಅಷ್ಟೇ ಹೇಳಿದ್ದು. ಅದಾದ ಮೇಲೆ ಆ ಸಾಲು ಎಷ್ಟು ಸಲ ನನ್ನ ತಲೆಯಲ್ಲಿ ತಿರುಗಿದೆಯೋ ಗೊತ್ತಿಲ್ಲ.

ಮೂರನೇ ಕಿಲೋಮೀಟರಿನ ಹೊತ್ತಿಗೆ ನಾವು ಸುಮಾರು 30 ಕಿ.ಮೀ. ವೇಗದಲ್ಲಿದ್ದೆವು. ಆ ವೇಗದಲ್ಲಿ ಒಂದು ಸೆಕೆಂಡಿಗೆ 8 ಮೀಟರಿಗಿಂತ ಜಾಸ್ತಿ ದೂರ ಹೋಗಿರುತ್ತೇವೆ. ಎಡಗಡೆ ಸಾಲುಗಳು, ಬಲಗಡೆ ಇಳಿಜಾರು. ಎಲ್ಲಿಂದಲೋ ಒಂದು ಗುಂಯ್ ಶಬ್ದ ಕೇಳುತ್ತಿತ್ತು. ಕೇಳಿಸಲಿಲ್ಲ ಎಂದು ಹೇಳಲಾರೆ, ಚೆನ್ನಾಗಿಯೇ ಕೇಳಿಸಿತು. ಕಣಿವೆಯ ಆಚೆ ಬದಿಯಲ್ಲಿ ಯಾರೋ ಔಷಧ ಹೊಡೆಯುತ್ತಿದ್ದಾರೆ ಅಂದುಕೊಂಡೆ. ಗುಡ್ಡಕ್ಕೆ ಬಡಿದು ವಾಪಸ್ ಬರುವ ಸದ್ದು ಯಾವ ಕಡೆಯದು ಎಂದು ಹೇಳುವುದು ಕಷ್ಟ. ನಿಂತು ಒಂದು ನಿಮಿಷ ಕಿವಿಗೊಟ್ಟಿದ್ದರೆ ಗೊತ್ತಾಗುತ್ತಿತ್ತು. ಗುಂಪು ಒಳ್ಳೆ ಲಯದಲ್ಲಿತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ.

ನಾನು ಒಂದು ಸಾಲಿನ ಬಾಯಿ, ಅಂದರೆ ಸಾಲು ದಾರಿಗೆ ತೆರೆದುಕೊಳ್ಳುವ ಜಾಗ, ದಾಟಿದೆ. ನನ್ನ ಹಿಂದೆಯೇ ಇದ್ದ ಒಬ್ಬ ಸವಾರರೂ ದಾಟಿದರು. ಅಷ್ಟರಲ್ಲಿ ಶಬ್ದ ಒಮ್ಮೆಲೇ ದೊಡ್ಡದಾಯಿತು. ತಿರುಗಿ ನೋಡಿದರೆ ಸಾಲಿನ ಒಳಗಿಂದ ಟ್ರ್ಯಾಕ್ಟರಿನ ಮೂತಿ ಹೊರಗೆ ಬಂದಿತ್ತು, ಹಿಂದೆ ಔಷಧ ಹೊಡೆಯುವ ಸ್ಪ್ರೇಯರ್. ದಾರಿ ಪೂರ್ತಿ ಮುಚ್ಚಿಹೋಯಿತು. ನಾನು ಕೂಗಿದೆ. ಚಾಲಕ ಮುಚ್ಚಿದ ಕ್ಯಾಬಿನ್‌ನಲ್ಲಿ, ಕಿವಿಗೆ ಮಫ್ ಹಾಕಿಕೊಂಡು ಕೂತಿದ್ದರು. ಹಿಂದೆ ಸ್ಪ್ರೇಯರ್‌ನ ದೊಡ್ಡ ಫ್ಯಾನ್. ನನ್ನ ಕೂಗು ನನಗೇ ಕೇಳಿಸಲಿಲ್ಲ.

ಮೂರನೆಯವರು ಮೊದಲ ಸಲ ಗ್ರಾವೆಲ್‌ಗೆ ಬಂದಿದ್ದ ಮಹಿಳೆ. ರಸ್ತೆ ಸೈಕಲ್‌ನಲ್ಲಿ ಚೆನ್ನಾಗಿ ಪಳಗಿದವರು. ರಸ್ತೆಯಲ್ಲಿ ಮಾಡುವ ಹಾಗೆಯೇ ಮುಂದಿನ ಬ್ರೇಕ್ ಜೋರಾಗಿ ಹಿಡಿದರು. ಸಡಿಲ ಜಲ್ಲಿಯಲ್ಲಿ ಮುಂದಿನ ಚಕ್ರ ಜಾರಿತು. ಬ್ರೇಕ್ ಬಿಟ್ಟರು. ಟ್ರ್ಯಾಕ್ಟರ್ ಇನ್ನೂ ಎದುರಿಗೇ ಇತ್ತು. ಬಲಕ್ಕೆ ಹೋದರೆ ಇಳಿಜಾರು. ಎಡಕ್ಕೆ, ಸಾಲುಗಳ ಕಡೆ ತಿರುಗಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅಲ್ಲಿ ಹುಲ್ಲಿನೊಳಗೆ ಆ ತಂತಿ ಇತ್ತು. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ತಂತಿಗೆ ಬಡಿದು ಸೈಕಲ್ ಅಲ್ಲೇ ನಿಂತಿತು, ಅವರು ನಿಲ್ಲಲಿಲ್ಲ.

ನಾನು ಸೈಕಲ್ ಬಿಸಾಡಿ ಓಡಿದೆ. ಅವರು ಎದ್ದು ಕೂತಿದ್ದರು. ಮೊಣಕೈ ತರಚಿತ್ತು, ಭುಜ ಹಿಡಿದುಕೊಂಡಿದ್ದರು. ಆದರೆ ಅವರು ಅಳುತ್ತಿದ್ದುದು ಕಣ್ಣುರಿಯಿಂದ. ಸಾಲಿನ ತುದಿಗೆ ಬಂದಾಗ ಔಷಧ ಚಿಮ್ಮುವ ನಾಜಲ್ ಮುಚ್ಚುತ್ತಾರೆ, ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ಗಾಳಿಯಲ್ಲಿ ತೇಲುತ್ತಿದ್ದ ಹನಿಗಳು ಮುಖಕ್ಕೆ ಬಿದ್ದಿದ್ದವು. ನೀರು ಹಾಕೋಣ ಎಂದು ನನ್ನ ಬಾಟಲ್ ತೆಗೆದೆ. ಎಲೆಕ್ಟ್ರೊಲೈಟ್ ಪುಡಿ ಕಲಸಿದ್ದು. ಇನ್ನೊಂದರಲ್ಲೂ ಅದೇ. "ಬರೀ ನೀರು ಯಾರ ಹತ್ತಿರ ಇದೆ?" ಎಂದು ಕೇಳಿದೆ. ಇಷ್ಟು ಜನರಲ್ಲಿ ಒಬ್ಬರ ಹತ್ತಿರ, ಅರ್ಧ ಬಾಟಲ್. ಕಣ್ಣಿಗೆ ರಾಸಾಯನಿಕ ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರು ಹಾಯಿಸುತ್ತಲೇ ಇರಬೇಕು ಎಂದು ಫಸ್ಟ್ ಏಡ್ ಕೋರ್ಸಿನಲ್ಲಿ ನಾನೇ ಬಾಯಿಪಾಠ ಮಾಡಿದ್ದೆ. ಅರ್ಧ ಬಾಟಲ್ ಒಂದು ನಿಮಿಷವೂ ಬರಲಿಲ್ಲ.

ಕಾಪಾಡಿದ್ದು ಆ ಟ್ರ್ಯಾಕ್ಟರ್ ಚಾಲಕ. ಎಂಜಿನ್ ಆರಿಸಿ ಇಳಿದು ಬಂದರು. ಒಂದು ಮಾತೂ ಬೈಯಲಿಲ್ಲ. ಸ್ಪ್ರೇಯರ್ ಪಕ್ಕದಲ್ಲಿದ್ದ ಒಂದು ಸಣ್ಣ ಟ್ಯಾಂಕ್ ತೋರಿಸಿದರು. ಔಷಧ ಹೊಡೆಯುವವರು ಕೈ ತೊಳೆಯಲೆಂದು ಅದರಲ್ಲಿ ಶುದ್ಧ ನೀರು ಇಟ್ಟಿರುತ್ತಾರೆ. ಆಕೆಯನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ, ನಲ್ಲಿಯ ಕೆಳಗೆ ತಲೆ ಓರೆ ಮಾಡಿಸಿ, ಗಡಿಯಾರ ನೋಡುತ್ತಾ ನೀರು ಬಿಟ್ಟೆವು. ಹೊಡೆಯುತ್ತಿದ್ದುದು ಬೂದಿ ರೋಗಕ್ಕೆ ಗಂಧಕ ಎಂದು ಚಾಲಕ ಲೇಬಲ್ ತಂದು ತೋರಿಸಿದರು. ಅದರ ಫೋಟೊ ತೆಗೆದುಕೊಂಡೆ. ಆ ಬುದ್ಧಿಯಾದರೂ ಬಂತು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಅದನ್ನು.

ಆಮೇಲೆ ವ್ಯಾನ್. ಕೆಳಗೆ ಸಿಗ್ನಲ್ ಇಲ್ಲ. ಸ್ವೀಪ್ ಮೇಲಿನ ದಿಣ್ಣೆಗೆ ಹತ್ತಿ ಫೋನ್ ಮಾಡಿದ. "ಯಾವ ರಸ್ತೆ?" ಎಂದು ಆಫೀಸಿನಲ್ಲಿ ಕೇಳಿದರು. ತೋಟದೊಳಗೆ ರಸ್ತೆಗೆ ಹೆಸರೆಲ್ಲಿರುತ್ತದೆ? ಗಾಡಿ ಬಾರದ ದಾರಿ ಎಂದರೆ ನಮ್ಮ ಗಾಡಿಯೂ ಬಾರದ ದಾರಿ. ಇಷ್ಟು ಸರಳ ವಿಷಯ ಪ್ಲಾನ್ ಮಾಡುವಾಗ ನನಗೆ ಹೊಳೆದಿರಲಿಲ್ಲ. ಕೊನೆಗೆ ಚಾಲಕರೇ ಕಂಬದ ಮೇಲಿದ್ದ ಬ್ಲಾಕ್ ನಂಬರ್ ಹೇಳಿ, ಯಾವ ಗೇಟಿನಿಂದ ಬರಬೇಕು ಎಂದು ವಿವರಿಸಿದರು. ವ್ಯಾನ್ ಬರಲು 40 ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಆಕೆ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಗಾಡಿಗಳು ಇಲ್ಲ ಅಂದಿದ್ರಿ ಅಲ್ವಾ?" ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂಳೆ ಮುರಿದಿರಲಿಲ್ಲ. ಕಣ್ಣಿಗೂ ಏನೂ ಆಗಲಿಲ್ಲ. ಅಷ್ಟರ ಮಟ್ಟಿಗೆ ಬಚಾವು.

ಅಂದು ರಾತ್ರಿ ನನ್ನ ರೆಕ್ಕಿ (ಮೊದಲೇ ಹೋಗಿ ದಾರಿ ನೋಡಿ ಬರುವುದು) ಫೋಟೊಗಳನ್ನು ತೆರೆದು ಕೂತೆ. ಆಗ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ನಾನು ರೆಕ್ಕಿ ಮಾಡಿದ್ದು ಚಳಿಗಾಲದ ಕೊನೆಯಲ್ಲಿ. ಬಳ್ಳಿ ಸವರಿ ಮುಗಿದಿತ್ತು. ಒಂದು ಎಲೆಯೂ ಇಲ್ಲ. ಕಂಬ, ತಂತಿ, ಬೋಳು ಕಾಂಡ. ಫೋಟೊದಲ್ಲಿ ಹತ್ತು ಸಾಲುಗಳ ಆಚೆಗೂ ಕಾಣುತ್ತದೆ. ಆಗ ಆ ಸಾಲಿನೊಳಗೆ ಟ್ರ್ಯಾಕ್ಟರ್ ಇದ್ದಿದ್ದರೆ ದೂರದಿಂದಲೇ ಕಾಣುತ್ತಿತ್ತು. 'ದೃಷ್ಟಿ: ಉತ್ತಮ' ಎಂದು ಶೀಟಿನಲ್ಲಿ ನಾನೇ ಬರೆದಿದ್ದೆ. ಬೇಸಿಗೆಯಲ್ಲಿ ಅದೇ ಸಾಲು ಆಳೆತ್ತರದ ಹಸಿರು ಗೋಡೆ. ರೂಟ್ ಇರುವ ಜಿಪಿಎಕ್ಸ್ ಎಂಬ ನಕ್ಷೆ ಫೈಲ್‌ನಲ್ಲಿ ಎರಡೂ ಒಂದೇ ಗೆರೆ. ಆ್ಯಪ್ ಜಲ್ಲಿ ಎಷ್ಟು, ಏರು ಎಷ್ಟು ಎಂದೆಲ್ಲ ಹೇಳುತ್ತದೆ. ಎಲೆ ಬಂದಿದೆಯಾ ಎಂದು ಹೇಳುವುದಿಲ್ಲ. ಇನ್ನೊಂದು ವಿಷಯ. ಗಾಳಿ ಕಡಿಮೆ ಇರುವ ಹೊತ್ತು ನೋಡಿ, ಬೆಳ್ಳಂಬೆಳಗ್ಗೆಯೇ ಔಷಧ ಹೊಡೆಯುತ್ತಾರೆ. ತಂಪು ಇರಲಿ ಎಂದು ನಾವು ಹೊರಡುವುದೂ ಅದೇ ಹೊತ್ತಿಗೆ.

ಎಲೆ ಇರುವ ಕಾಲದಲ್ಲಿ ಎರಡನೇ ರೆಕ್ಕಿಗೆ ಒಂದು ದಿನ ಕೊಡಿ ಎಂದು ಆಫೀಸಿಗೆ ಕೇಳಿದೆ. ಬಜೆಟ್‌ನಲ್ಲಿ ಇಲ್ಲ ಅಂದರು. ಇನ್ಸಿಡೆಂಟ್ ಫಾರಂನಲ್ಲಿ 'ಟ್ರಾಫಿಕ್ ಅಪಘಾತ: ಅಲ್ಲ' ಎಂದು ಟಿಕ್ ಮಾಡಿಸಿದರು. ದಾರಿಗೆ ಅಡ್ಡ ಬಂದದ್ದು ಟ್ರ್ಯಾಕ್ಟರ್ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ, ಹಿಂಬದಿಯಲ್ಲಿ ಕೈಯಲ್ಲಿ ಬರೆದುಕೊಟ್ಟೆ. ಅವರು ಮಾಡಿದ ಒಂದೇ ಬದಲಾವಣೆ ಎಂದರೆ ಗ್ರಾಹಕರು ಸಹಿ ಹಾಕುವ ಹಾಳೆಗೆ ಒಂದು ಸಾಲು ಸೇರಿಸಿದ್ದು. ಇದು ನನಗೆ ಇನ್ನೂ ನುಂಗಲಾಗಿಲ್ಲ. ಸಹಿಯಿಂದ ಟ್ರ್ಯಾಕ್ಟರ್ ನಿಲ್ಲುವುದಿಲ್ಲ.

ನನ್ನ ರಜೆಯ ದಿನ ನಾನೇ ಹೋಗಿ ನೋಡಿ ಬಂದೆ. ದಾರಿಯಲ್ಲಿ ಅಂಥ ಹನ್ನೊಂದು ಬಾಯಿಗಳಿವೆ, ಎಣಿಸಿದೆ. ಕಾಡಿನ ಕಡೆಯೂ ಮರದ ದಿಮ್ಮಿ ಸಾಗಿಸುವ ಎರಡು ದಾರಿಗಳು ಬಂದು ಕೂಡುತ್ತವೆ. ಈಗ ಹಿಂದಿನ ಸಂಜೆ ತೋಟದವರಿಗೆ ಫೋನ್ ಮಾಡಿ, ನಾಳೆ ಯಾವ ಬ್ಲಾಕ್ ಎಂದು ಕೇಳುತ್ತೇನೆ. ಅವರು ಖುಷಿಯಿಂದಲೇ ಹೇಳುತ್ತಾರೆ, ಮೊದಲು ಯಾರೂ ಕೇಳಿರಲಿಲ್ಲ ಅಷ್ಟೇ. ಪ್ರತಿ ಬಾಯಿಯ ಹತ್ತಿರ ನಾನು ಮೊದಲು ಹೋಗಿ, ಚಾಲಕರಿಗೆ ಕಾಣುವ ಹಾಗೆ ಅಡ್ಡ ನಿಲ್ಲುತ್ತೇನೆ. ಕೂಗುವುದರಿಂದ, ವಿಶಲ್‌ನಿಂದ ಪ್ರಯೋಜನವಿಲ್ಲ. ನನ್ನ ಒಂದು ಬಾಟಲ್, ಸ್ವೀಪ್‌ನ ಒಂದು ಬಾಟಲ್ ಬರೀ ನೀರು, ಜೊತೆಗೆ ಬ್ಯಾಗಿನಲ್ಲಿ ಕಣ್ಣು ತೊಳೆಯುವ ಐವಾಶ್. ಟೈರ್ ಪ್ರೆಶರ್ ಮಾತು ಮೂರು ನಿಮಿಷಕ್ಕೆ ಮುಗಿಸುತ್ತೇನೆ. ಉಳಿದ ಹೊತ್ತಿನಲ್ಲಿ ಎಲ್ಲರನ್ನೂ ಮೊದಲ ಸಾಲಿನ ತುದಿಗೆ ಕರೆದುಕೊಂಡು ಹೋಗಿ, ಆ ತಂತಿಯನ್ನು ಕೈಯಿಂದ ಮುಟ್ಟಿಸುತ್ತೇನೆ.

ಇದರಿಂದ ರೈಡ್ 25 ನಿಮಿಷ ಉದ್ದವಾಗಿದೆ. ಇಳಿಜಾರಿನ ಮಜಾ ಹೋಯಿತು ಎಂದು ಒಬ್ಬಿಬ್ಬರು ಫೀಡ್‌ಬ್ಯಾಕ್‌ನಲ್ಲಿ ಬರೆದರು, ಆಫೀಸಿನವರು ಅದನ್ನು ನನಗೆ ಕಳಿಸಿದರು. ಬ್ರೋಶರ್‌ನ ಆ ಮಾತು ಬದಲಿಸಿ ಎಂದು ಮೂರು ಸಲ ಬರೆದಿದ್ದೇನೆ. ಹೊಸ ಸೀಸನ್‌ನ ಬ್ರೋಶರ್ ಕಳೆದ ವಾರ ಕೈಗೆ ಬಂತು. ಮುಖಪುಟದಲ್ಲಿ ಅದೇ ಮಾತಿದೆ, ಕೆಳಗೆ ನಾನು ಚಳಿಗಾಲದಲ್ಲಿ ತೆಗೆದ ಫೋಟೊ. ನಾಲ್ಕನೇ ಸಲ ಬರೆದಿದ್ದೇನೆ, ಈ ಸಲ ಬೇಸಿಗೆಯ ಫೋಟೊ ಜೊತೆಗಿಟ್ಟು.