ಸೈಬರ್ ಕೇಸ್ ಒಂದೂ ಇಲ್ವಂತೆ

ಶನಿವಾರ ನಮ್ಮ ಲೇಔಟಲ್ಲಿ ಪೊಲೀಸ್ನೋರ ಜನಸಂಪರ್ಕ ಸಭೆ ಇತ್ತು, ಬೆಂಗಳೂರಲ್ಲಿ ತಿಂಗಳ ನಾಲ್ಕನೇ ಶನಿವಾರ ಮಾಡ್ತಾರಲ್ಲ ಅದು. ಅಸೋಸಿಯೇಷನ್ ಸೆಕ್ರೆಟರಿ ಮೈಕ್ ಹಿಡ್ಕೊಂಡು "ಸಾರ್, ನಮ್ಮ ಏರಿಯಾದಲ್ಲಿ ಈ ವರ್ಷ ಸೈಬರ್ ಕೇಸ್ ಒಂದೂ ಇಲ್ಲ, ಎಲ್ಲಾ ಎಜುಕೇಟೆಡ್ ಜನ" ಅಂದ್ರು, ಚಪ್ಪಾಳೆ ಬೇರೆ ಬಿತ್ತು. ನನ್ನ ಪಕ್ಕ ಕೂತಿದ್ದ ಎದುರುಮನೆ ಆಂಟಿ ಬ್ಯಾಗಿನ ಜಿಪ್ ಎಳೀತಾ ಹಾಕ್ತಾ ಇದ್ದೋರು ನನ್ನ ಕಿವೀಲಿ ಹೇಳಿದ್ರು, "ನಂದೇ ಹೋಗಿದ್ಯಲ್ಲೇ."

"ಕಂಪ್ಲೇಂಟ್ ಕೊಟ್ರಾ ಆಂಟಿ?"

"ಅಯ್ಯೋ, ನಿಮ್ಮ ಅಂಕಲ್‌ಗೇ ಹೇಳಿಲ್ಲ, ಸುಮ್ನಿರು."

ಈ ಮಾತು ವಾರದಿಂದ ತಲೆ ಕೊರೀತಾ ಇದೆ. ಇದನ್ನ ಬರೀಲಾ ಅಂತ ಅವ್ರನ್ನ ಕೇಳಿದೆ, ಹೆಸರು ಹಾಕ್ಬೇಡ ಅಷ್ಟೆ ಅಂದ್ರು.

ಡಿಜಿಟಲ್ ಅರೆಸ್ಟ್ ಅಂತಾರಲ್ಲ, ಅದೇ ಆಗಿರೋದು. ನಿಮ್ಮ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೋ ಕಾಲ್ ಕಟ್ ಮಾಡಿದ್ರೆ ಮನೆಗೇ ಬಂದು ಹಿಡ್ಕೊಂಡು ಹೋಗ್ತೀವಿ ಅಂತ ಪೊಲೀಸ್ ಯೂನಿಫಾರ್ಮ್ ಹಾಕ್ಕೊಂಡು ಒಬ್ಬ ಆಂಟೀನ ಹೆದರಿಸಿ ದುಡ್ಡು ಕಿತ್ಕೊಂಡಿದಾನೆ. ಒಲೆ ಮೇಲೆ ಕುಕ್ಕರ್ ಕೂಗ್ತಾ ಇದ್ರೆ ಇವ್ರು "ಗ್ಯಾಸ್ ಆಫ್ ಮಾಡಿ ಬರ್ಲಾ ಸಾರ್" ಅಂತ ಅವನ ಪರ್ಮಿಷನ್ ಕೇಳಿದ್ರಂತೆ. ತಮ್ಮ ಸ್ವಂತ ಅಡುಗೆಮನೇಲಿ! ನಂಗೆ ದುಡ್ಡು ಹೋಗಿದ್ದಕ್ಕಿಂತ ಅದನ್ನ ಕೇಳಿ ಜಾಸ್ತಿ ಹೊಟ್ಟೆ ಉರೀತು. ಫೋನಲ್ಲಿ ಅರೆಸ್ಟ್ ಮಾಡೋದು ಅನ್ನೋದು ನಮ್ಮ ಕಾನೂನಲ್ಲೇ ಇಲ್ಲ, ತಕ್ಷಣ ಸೈಬರ್ ಮೋಸದ ಹೆಲ್ಪ್‌ಲೈನ್ 1930ಕ್ಕೆ ಫೋನ್ ಮಾಡಿದ್ರೆ ದುಡ್ಡು ಒಂದು ಅಕೌಂಟಿಂದ ಇನ್ನೊಂದಕ್ಕೆ ಹಾರೋಕ್ ಮುಂಚೆ ಬ್ಯಾಂಕ್‌ನೋರು ತಡೆಯೋ ಚಾನ್ಸ್ ಇರುತ್ತೆ. ಆದ್ರೆ ಅದಕ್ಕೆ ಬಾಯಿ ಬಿಡ್ಬೇಕಲ್ಲ.

ಸಭೆ ಏನಾಯ್ತು ಅಂದ್ರೆ, ಕ್ಯಾಮೆರಾ, ರಾತ್ರಿ ಬೀಟ್, ಸರಗಳ್ಳರು, ಆಮೇಲೆ ಪಿಜಿ ಹುಡುಗ್ರು. ಪಿಜಿ ಹುಡುಗ್ರ ಮೇಲೆ ಅರ್ಧ ಗಂಟೆ! ಆ ಮಕ್ಕಳು ಏನು ಕದ್ದಿದಾರೆ ಅಂತ ಒಬ್ರೂ ಹೇಳ್ಲಿಲ್ಲ, ರಾತ್ರಿ ಲೇಟಾಗಿ ಬರ್ತಾರೆ ಅನ್ನೋದೇ ಅಪರಾಧ. ಸರಗಳ್ಳತನ ಸಣ್ಣದು ಅಂತ ನಾನು ಹೇಳ್ತಿಲ್ಲ, 2024ರಲ್ಲಿ ಬಂದ ಹೊಸ ಕಾನೂನಲ್ಲಿ ಕಿತ್ಕೊಂಡು ಓಡೋದಕ್ಕೆ ಬೇರೆ ಸೆಕ್ಷನ್ನೇ ಇದೆ. ಆದ್ರೆ ದೇಶದ ಅಪರಾಧಗಳ ಲೆಕ್ಕ ಇಡೋ ಕೇಂದ್ರ ಸಂಸ್ಥೆ ಎನ್‌ಸಿಆರ್‌ಬಿಯ 2023ರ ಲೆಕ್ಕದಲ್ಲಿ ಸೈಬರ್ ಕೇಸಲ್ಲಿ ದೇಶಕ್ಕೇ ಫಸ್ಟ್ ನಮ್ಮ ಕರ್ನಾಟಕ, 21,889 ಕೇಸ್, ಅಂಥದ್ರಲ್ಲಿ ನಮ್ಮ ಲೇಔಟಲ್ಲಿ ಒಂದೂ ಇಲ್ಲ ಅಂದ್ರೆ ಹೆಂಗ್ರೀ ನಂಬೋದು?

ನಾನು ಎದ್ದು ಕೇಳ್ದೆ, ಕಂಪ್ಲೇಂಟ್ ಕೊಡದೇ ಇರೋರ ಲೆಕ್ಕ ಯಾರ ಹತ್ರ ಇದೆ ಅಂತ. ಎಸ್‌ಐ "ಬರದೇ ಇದ್ರೆ ನಾವೇನ್ ಮಾಡೋಣ ಮೇಡಂ" ಅಂದ್ರು, ಅದೂ ನ್ಯಾಯಾನೇ, ಪಾಪ ಒಳ್ಳೆ ಮನುಷ್ಯ. ಸೆಕ್ರೆಟರಿ ಮಾತ್ರ "ಹಂಗೇನಿಲ್ಲ ಬಿಡಿ" ಅಂತ ಮೈಕ್ ಕಿತ್ಕೊಂಡ್ರು. ಅವ್ರಿಗೆ ಲೇಔಟಿನ ಹೆಸರು ಕೆಡಬಾರ್ದು. ಹೆಸರು ಚೆನ್ನಾಗಿರ್ಲಿ ಅಂತ ಎಷ್ಟು ಮನೆ ಹೆಂಗಸ್ರು ನುಂಗ್ಕೊಂಡು ಕೂತಿದಾರೋ. ಬಸ್ ಸ್ಟಾಪ್ ಹತ್ರ ಹುಡುಗೀರನ್ನ ಚುಡಾಯಿಸೋದೂ ರಿಜಿಸ್ಟರಲ್ಲಿ ಇರಲ್ಲ, ಮನೇಲಿ ಹೇಳಿದ್ರೆ ಟ್ಯೂಷನ್ ಬಿಡಿಸ್ತಾರೆ ಅಂತ ಅವ್ರೂ ಹೇಳಲ್ಲ. ಹಿಂಗೆ ಬಾಯಿ ಇದ್ದೋರ ಭಯ ಮಾತ್ರ ಲಿಸ್ಟಿಗೆ ಹೋಗುತ್ತೆ, ಬೀಟ್ ಪೊಲೀಸ್ನೋರೂ ಅಲ್ಲಿಗೇ ಹೋಗ್ತಾರೆ. ಮಧ್ಯಾಹ್ನ ಹೊತ್ತು, ಹೆಂಗಸ್ರಿಗೆ ಅಂತಾನೇ, ಮಹಿಳಾ ಸಿಬ್ಬಂದಿ ಬಂದು ಒಂದು ಸಭೆ ಮಾಡ್ಬೇಕು, ಹೆಸರು ಹಾಕದೆ ಚೀಟಿ ಬರೆದು ಹಾಕೋಕೆ ಒಂದು ಡಬ್ಬಿ ಇಡ್ಬೇಕು. ಅರ್ಜಿ ಬರೆದಿದೀನಿ, ನಾಳೆ ಸ್ಟೇಷನ್‌ಗೆ ಕೊಡ್ತೀನಿ.

ಸೋಮವಾರ ಆಂಟಿ ಜೊತೆ ಕೂತು 1930ಕ್ಕೆ ಫೋನ್ ಮಾಡಿಸ್ದೆ. ತುಂಬಾ ಲೇಟಾಗಿದೆ, ದುಡ್ಡು ಬರೋದು ಕಷ್ಟ, ಆದ್ರೂ ಕಂಪ್ಲೇಂಟ್ ದಾಖಲಾಯ್ತು. ಅಂಕಲ್‌ಗೆ ಹೇಳೋದೊಂದು ಬಾಕಿ, ಭಾನುವಾರ ನಾನೂ ಬರ್ತೀನಿ ಅಂದಿದೀನಿ.