ಕೆಂಪು ಅಕ್ಷರಕ್ಕೆ ಹೆದರದಂತೆ ಕಲಿಸುವುದು

ನಮ್ಮ ಸಂಸ್ಥೆಯಲ್ಲಿ ಬಡ ಮನೆಗಳ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತೇವೆ. ಮೊದಲು ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್, ಆಮೇಲೆ ಟೈಪ್ ಮಾಡಿ ಬರೆಯುವ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ಇದರಲ್ಲಿ ಕಷ್ಟದ ಪಾಠ ಯಾವುದು ಅಂತ ಹೊಸದಾಗಿ ಸೇರುವ ಶಿಕ್ಷಕರು ಕೇಳುತ್ತಾರೆ. ಲೂಪ್ ಇರಬಹುದು, ಫಂಕ್ಷನ್ ಇರಬಹುದು ಅಂದುಕೊಂಡಿರುತ್ತಾರೆ. ಎರಡೂ ಅಲ್ಲ. ಎರರ್ ಮೆಸೇಜ್, ಅಂದರೆ ಪ್ರೋಗ್ರಾಮ್‌ನಲ್ಲಿ ತಪ್ಪಾದಾಗ ಕಂಪ್ಯೂಟರ್ ತೋರಿಸುವ ಸಂದೇಶ, ಅದನ್ನು ಓದುವುದೇ ಎಲ್ಲಕ್ಕಿಂತ ಕಷ್ಟ.

ಪರದೆ ಮೇಲೆ ಕೆಂಪು ಸಾಲು ಬಂದ ಕೂಡಲೇ ಹುಡುಗಿಯರು ಕೀಬೋರ್ಡ್‌ನಿಂದ ಕೈ ತೆಗೆದುಬಿಡುತ್ತಾರೆ. "ಸಾರಿ ಅಕ್ಕಾ, ಏನೋ ಹಾಳು ಮಾಡ್ಬಿಟ್ಟೆ" ಅನ್ನುತ್ತಾರೆ. ಮನೆಯಲ್ಲಿರುವ ಫೋನ್ ಅಪ್ಪನದೋ ಅಣ್ಣನದೋ ಆಗಿರುತ್ತದೆ. ಮುಟ್ಟಿದರೆ "ಕೆಡಿಸ್ಬೇಡ" ಅಂತ ಕೇಳಿಕೊಂಡೇ ಬೆಳೆದವರು ಇವರು. ಆ ಭಯ ಹೋಗದೆ ಕೋಡಿಂಗ್ ಬರುವುದಿಲ್ಲ.

ಅದಕ್ಕೇ ಶುರುವಿನಲ್ಲೇ ಬೇಕಂತಲೇ ತಪ್ಪು ಮಾಡಿಸುತ್ತೇವೆ. ಪರದೆ ಮೇಲೆ ಏನಾದರೂ ತೋರಿಸಲು ಬರೆಯುವ 'ಪ್ರಿಂಟ್' ಪದದಲ್ಲಿ ಒಂದು ಅಕ್ಷರ ಬಿಟ್ಟು ಬರೆಯಿರಿ, ರನ್ ಮಾಡಿ, ಬಂದಿದ್ದನ್ನು ಜೋರಾಗಿ ಓದಿ. ಪೈಥಾನ್ ಎರರನ್ನು ಕೆಳಗಿನಿಂದ ಓದಬೇಕು. ಯಾವ ಬಗೆಯ ತಪ್ಪು ಅನ್ನುವುದು ಕೊನೇ ಸಾಲಿನಲ್ಲಿರುತ್ತದೆ, ಎಷ್ಟನೇ ಸಾಲಿನಲ್ಲಿ ಆಯಿತು ಅನ್ನುವುದು ಅದರ ಮೇಲೆ. ಇಂಗ್ಲಿಷ್ ಅಷ್ಟಾಗಿ ಬರದ ಹುಡುಗಿಯರೇ ಜಾಸ್ತಿ. ಆದರೆ ದಿನಾ ಎದುರಾಗುವ ಎರರ್‌ಗಳು ಕೆಲವೇ: ನೇಮ್ ಎರರ್ (ಗೊತ್ತಿಲ್ಲದ ಹೆಸರು), ಸಿಂಟ್ಯಾಕ್ಸ್ ಎರರ್ (ಬರೆಯುವ ನಿಯಮ ತಪ್ಪಿದ್ದು), ಇಂಡೆಂಟೇಶನ್ ಎರರ್ (ಸಾಲಿನ ಮುಂದಿನ ಜಾಗ ತಪ್ಪಿದ್ದು), ಟೈಪ್ ಎರರ್ (ಅಂಕಿ, ಪದ ಇಂಥ ಬೇರೆ ಬೇರೆ ಬಗೆಗಳನ್ನು ಬೆರೆಸಿದ್ದು). ಇವುಗಳ ಅರ್ಥವನ್ನು ಅವರವರ ಮಾತಿನಲ್ಲೇ ನೋಟ್‌ಬುಕ್‌ನಲ್ಲಿ ಬರೆಸುತ್ತೇವೆ. "ಈ ಹೆಸರು ನಂಗೊತ್ತಿಲ್ಲ ಅಂತಿದೆ" ಅಂತ ಒಬ್ಬಳು ಬರೆದುಕೊಂಡಿದ್ದಳು. ನೇಮ್ ಎರರ್‌ಗೆ ಇದಕ್ಕಿಂತ ಒಳ್ಳೆ ವಿವರಣೆ ನನಗಂತೂ ಗೊತ್ತಿಲ್ಲ.

ಇಂಥ ಕೆಲಸ ಮಾಡುವವರಿಗೆ ಒಂದು ಕಿವಿಮಾತು. 2021ರಲ್ಲಿ ಬಂದ ಪೈಥಾನ್ 3.10ರಿಂದ ಎರರ್ ಮೆಸೇಜ್‌ಗಳು ತುಂಬಾ ಸುಧಾರಿಸಿವೆ. ಅಕ್ಷರ ತಪ್ಪಿದರೆ ಸರಿಯಾದ ಪದ ಇದೇನಾ ಅಂತ ಅದೇ ಕೇಳುತ್ತದೆ, ಕೋಲನ್ ಬಿಟ್ಟರೆ ಕೋಲನ್ ಬೇಕಿತ್ತು ಅಂತ ಹೇಳುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಆದರೆ ದಾನವಾಗಿ ಬರುವ ಹಳೇ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಸಲ ವಿಂಡೋಸ್ 7 ಇರುತ್ತದೆ. ಅದರಲ್ಲಿ ಪೈಥಾನ್ 3.8ರವರೆಗೆ ಮಾತ್ರ ನಡೆಯುತ್ತದೆ. ಅದಕ್ಕೇ ನಾವು ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಬಿಡುತ್ತೇವೆ.

ಈ ಪಾಠದ ಜೊತೆ ಎನಿಯಾಕ್ ಅನ್ನುವ ಅಮೆರಿಕದ ಹಳೇ ಎಲೆಕ್ಟ್ರಾನಿಕ್ ಕಂಪ್ಯೂಟರಿನ ಕಥೆಯನ್ನೂ ಹೇಳುತ್ತೇನೆ. 1946ರಲ್ಲಿ ಜನರ ಮುಂದೆ ಬಂದ ಆ ಯಂತ್ರಕ್ಕೆ ಪ್ರೋಗ್ರಾಮ್ ಬರೆದವರು ಆರು ಜನ ಹೆಂಗಸರು. ಕೈಪಿಡಿ ಇರಲಿಲ್ಲ, ಪ್ರೋಗ್ರಾಮಿಂಗ್ ಭಾಷೆಯೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ನೋಡಿಯೇ ಕಲಿತರು. ಆ ಯಂತ್ರದಲ್ಲಿ ಸ್ವಿಚ್‌ನಂತೆ ಕೆಲಸ ಮಾಡುತ್ತಿದ್ದ ಸುಮಾರು 18,000 ವ್ಯಾಕ್ಯೂಮ್ ಟ್ಯೂಬ್‌ಗಳಲ್ಲಿ ಕೆಟ್ಟದ್ದು ಯಾವುದು ಅಂತ ಹುಡುಕುವುದರಲ್ಲೂ ಅವರು ಪಳಗಿದ್ದರು. ತಪ್ಪು ಹುಡುಕುವುದೂ ಈ ಕೆಲಸದ ಭಾಗವೇ ಅಂತ ಹುಡುಗಿಯರಿಗೆ ಆಗ ತಾನಾಗಿ ಹೊಳೆಯುತ್ತದೆ.

ದುಡ್ಡು ಕೊಡುವವರು ಸರ್ಟಿಫಿಕೇಟ್ ಎಷ್ಟು ಕೊಟ್ಟಿರಿ ಅಂತ ಕೇಳುತ್ತಾರೆ. ಲೆಕ್ಕ ಕೊಡುತ್ತೇನೆ. ಜೊತೆಗೆ, ತರಗತಿಗೆ ಬಂದು ಅರ್ಧ ಗಂಟೆ ಕೂತು ನೋಡಿ ಅಂತಲೂ ಕರೆಯುತ್ತೇನೆ. ಎರರ್ ಬಂದಾಗ ನಮ್ಮ ಮುಖ ನೋಡದೆ ಪರದೆ ನೋಡುವ ಹುಡುಗಿಯರು ಎಷ್ಟಿದ್ದಾರೆ ಅಂತ ಅವರೇ ಎಣಿಸಲಿ.

ಶಿಕ್ಷಕರಿಗೆ ನಮ್ಮಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ: ಹುಡುಗಿಯ ಕೀಬೋರ್ಡ್ ಮುಟ್ಟುವಂತಿಲ್ಲ. "ಕೊನೇ ಸಾಲು ಏನು ಹೇಳ್ತಿದೆ?" ಅಂತ ಕೇಳಿ ಸುಮ್ನೆ ನಿಲ್ಲಬೇಕು. ಶಿಕ್ಷಕರನ್ನು ಆರಿಸುವಾಗಲೂ ಇದನ್ನೇ ನೋಡುತ್ತೇವೆ. ತಪ್ಪಿರುವ ಪ್ರೋಗ್ರಾಮ್ ಒಂದನ್ನು ಇಟ್ಟು, ಪಕ್ಕದಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳನ್ನು ಕೂರಿಸುತ್ತೇವೆ. ಬಂದವರ ಕೈ ಮೌಸ್ ಕಡೆ ಹೋಗುತ್ತದೋ ಇಲ್ಲವೋ, ಅಷ್ಟೇ ಸಾಕು ನಮಗೆ.